ಅಮೆರಿಕ ಅಧ್ಯಕ್ಷರ ಜನಪ್ರಿಯತೆ, ಪಕ್ಷದೊಳಗಿನ ಭಿನ್ನಮತ: ಯಾವ ತಾಣ ನಿಜಕ್ಕೂ ಕೆಲಸಕ್ಕೆ ಬರುತ್ತದೆ?

2025ರ ಆಗಸ್ಟ್ 27ರಿಂದ ಭಾರತದ ಸರಕಿನ ಮೇಲೆ ಶೇ 50ರ ಸುಂಕ ಬಿತ್ತು. ಸೆಪ್ಟೆಂಬರ್ 19ರಂದು ಎಚ್‌-1ಬಿ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕೆಂಬ ಆದೇಶ ಹೊರಬಿತ್ತು. ವಾಷಿಂಗ್ಟನ್ ರಾಜಕೀಯ ಪೀಣ್ಯದ ಬಿಡಿಭಾಗ ತಯಾರಕರಿಗೂ ವೈಟ್‌ಫೀಲ್ಡಿನ ಎಂಜಿನಿಯರುಗಳಿಗೂ ಮನೆಬಾಗಿಲಿನ ವಿಷಯವಾದದ್ದು ಹೀಗೆ. ಅಲ್ಲಿಂದೀಚೆಗೆ ಟ್ರಂಪ್ ಅವರ ಜನಪ್ರಿಯತೆ ಎಷ್ಟಕ್ಕೆ ಇಳಿಯಿತು ಎಂಬ ಸುದ್ದಿಗೆ ನಮ್ಮೂರಿನಲ್ಲೂ ಓದುಗರಿದ್ದಾರೆ. ಆದರೆ ಬೆಂಗಳೂರಿನವರಿಗೆ ಬೇಕಾದ ಉತ್ತರ ಆ ಒಂದು ಸಂಖ್ಯೆಯಲ್ಲಿಲ್ಲ. ಅಧ್ಯಕ್ಷರಿಗೆ ಅವರದೇ ರಿಪಬ್ಲಿಕನ್ ಪಕ್ಷದವರು ಅಡ್ಡ ನಿಲ್ಲುತ್ತಾರೆಯೇ ಎಂಬುದೇ ನಮಗೆ ಮುಖ್ಯ. ಅದನ್ನು ತಿಳಿಯಲು ಕಾಸು ಖರ್ಚಿಲ್ಲದ ಕೆಲವು ತಾಣಗಳಿವೆ. ಅವುಗಳ ವಿಮರ್ಶೆ ಇದು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಒಂದನ್ನೇ ನೋಡಲು ಪುರುಸೊತ್ತಿದ್ದರೆ ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಮತದಾನದ ದಾಖಲೆ ಇಡುವ ಕ್ಲರ್ಕ್ ಕಚೇರಿಯ ತಾಣ ನೋಡಿ. ಸಮೀಕ್ಷೆಗಳ ಸರಾಸರಿಯನ್ನು ವಾರಕ್ಕೊಮ್ಮೆ ನೋಡಿದರೆ ಧಾರಾಳ. ದಿನಾ ನೋಡಿದರೆ ತಪ್ಪು ತಿಳಿವಳಿಕೆಯೇ ಹೆಚ್ಚುತ್ತದೆ.

ಸರಾಸರಿ ಕೊಡುವ ತಾಣಗಳಲ್ಲಿ ಎಲ್ಲರೂ ಉಲ್ಲೇಖಿಸುವುದು ರಿಯಲ್‌ಕ್ಲಿಯರ್. ಇತ್ತೀಚಿನ ಸಮೀಕ್ಷೆಗಳನ್ನು ಒಟ್ಟುಗೂಡಿಸಿ, ಎಷ್ಟಿವೆಯೋ ಅಷ್ಟರಿಂದ ಭಾಗಿಸುತ್ತದೆ, ಅಷ್ಟೇ. ಲೆಕ್ಕ ಎಲ್ಲರ ಕಣ್ಣೆದುರಿಗೆ ಇರುವುದು ಇದರ ದೊಡ್ಡ ಗುಣ. ದೋಷವೂ ಅಲ್ಲೇ ಇದೆ. ಪಟ್ಟಿಯಲ್ಲಿ ಐದು ಸಮೀಕ್ಷೆಗಳು 41, 42, 42, 45, 45 ಎಂದು ತೋರಿಸುತ್ತಿವೆ ಎಂದುಕೊಳ್ಳಿ. ಸರಾಸರಿ 43. ಹಳೆಯದಾದ ಒಂದು 45 ಪಟ್ಟಿಯಿಂದ ಹೊರಗೆ ಹೋಗುತ್ತದೆ. ಅದರ ಜಾಗಕ್ಕೆ, ಯಾವಾಗಲೂ ಕಡಿಮೆಯೇ ತೋರಿಸುವ ಬೇರೊಂದು ಸಂಸ್ಥೆಯ 40 ಬರುತ್ತದೆ. ಸರಾಸರಿ 42ಕ್ಕೆ ಇಳಿಯಿತು. ಒಬ್ಬ ಮತದಾರನೂ ಮನಸ್ಸು ಬದಲಿಸಿಲ್ಲ, ಬದಲಾದದ್ದು ಪಟ್ಟಿ ಮಾತ್ರ. ಆದರೆ ಮರುದಿನ ಸುದ್ದಿಯ ತಲೆಬರಹ ‘ಮತ್ತೆ ಒಂದು ಅಂಶ ಕುಸಿತ’ ಎಂದಿರುತ್ತದೆ.

ಹಾಗಾಗಿ ಆ ಪಟ್ಟಿಯಲ್ಲಿ ಮೇಲಿನ ದಪ್ಪ ಅಕ್ಷರದ ಸಾಲಿಗಿಂತ ಕೆಳಗಿನ ಸಾಲುಗಳನ್ನು ಓದಬೇಕು. ಅದೇ ಸಂಸ್ಥೆಯ ಹೋದ ತಿಂಗಳ ಅಂಕಿ ಹುಡುಕಿ, ಈ ತಿಂಗಳದ್ದರ ಪಕ್ಕದಲ್ಲಿಟ್ಟು ನೋಡಿ. ಒಂದು ಸಂಸ್ಥೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಮಾದರಿಯ ಅಂಕಣದಲ್ಲಿ ಸಂಖ್ಯೆಯ ಪಕ್ಕ ‘ಎ’ ಎಂದಿದ್ದರೆ ಎಲ್ಲ ವಯಸ್ಕರು, ‘ಆರ್‌ವಿ’ ಎಂದಿದ್ದರೆ ನೋಂದಾಯಿತ ಮತದಾರರು, ‘ಎಲ್‌ವಿ’ ಎಂದಿದ್ದರೆ ಮತಗಟ್ಟೆಗೆ ಹೋಗುವ ಸಂಭವ ಇರುವವರು. ಈ ಮೂರನ್ನೂ ಬೆರೆಸಿದ ಸರಾಸರಿ, ಅಕ್ಕಿ, ರಾಗಿ, ಗೋಧಿ ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದಂತೆ.

ಸಮೀಕ್ಷಾ ವಿಶ್ಲೇಷಕ ನೇಟ್ ಸಿಲ್ವರ್ ಅವರ ಸಿಲ್ವರ್ ಬುಲೆಟಿನ್ ಈ ತೊಂದರೆಯನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ. ಸಮೀಕ್ಷಾ ಸಂಸ್ಥೆಯ ಗುಣಮಟ್ಟ ನೋಡಿ ತೂಕ ಕೊಡುತ್ತದೆ, ಆ ಸಂಸ್ಥೆ ಸದಾ ಯಾವ ಕಡೆ ವಾಲುತ್ತದೆ ಎಂಬುದನ್ನೂ ಕಳೆಯುತ್ತದೆ. ಅದಕ್ಕೇ ಇದರ ಗೆರೆ ಕಡಿಮೆ ಜಿಗಿದಾಡುತ್ತದೆ. ಜನಪ್ರಿಯತೆಯ ಇಳಿಕೆ ನಿಜವೋ ಗದ್ದಲವೋ ಎಂದು ತಿಳಿಯಲು ನಾವು ಇದನ್ನೇ ಆರಿಸುತ್ತೇವೆ. ಹಿಂದೆ ಈ ಕೆಲಸಕ್ಕೆ ಹೆಸರಾಗಿದ್ದ ಫೈವ್‌ಥರ್ಟಿಎಯ್ಟ್ ಅನ್ನು 2025ರ ಮಾರ್ಚ್‌ನಲ್ಲಿ ಎಬಿಸಿ ಮುಚ್ಚಿತು. ಹಳೆಯ ಲೇಖನಗಳಲ್ಲಿರುವ ಅದರ ಕೊಂಡಿ ಒತ್ತುತ್ತಾ ಕೂರಬೇಡಿ.

ಇನ್ನೊಂದು ಎಚ್ಚರಿಕೆ ‘ನಿವ್ವಳ’ ಅಂಕಿಯ ಬಗ್ಗೆ. ಒಪ್ಪುವವರಲ್ಲಿ ಒಪ್ಪದವರನ್ನು ಕಳೆದರೆ ಬರುವುದು ನಿವ್ವಳ. 42 ಒಪ್ಪಿಗೆ, 48 ಅಸಮ್ಮತಿ ಇದ್ದರೆ ಮೈನಸ್ 6. ಕೆಲ ತಿಂಗಳ ನಂತರ 42 ಮತ್ತು 54 ಆದರೆ ಮೈನಸ್ 12. ಕುಸಿತ ಇಮ್ಮಡಿಯಾದಂತೆ ಕಾಣುತ್ತದೆ. ಆದರೆ ಒಪ್ಪುವವರ ಪಾಲು ಇದ್ದಷ್ಟೇ ಇದೆ, ‘ಗೊತ್ತಿಲ್ಲ’ ಎಂದಿದ್ದವರು ಅತ್ತ ಹೋಗಿದ್ದಾರೆ. ಪಕ್ಷದ ಬುಡ ಅಲುಗಾಡಿದೆಯೇ ಎಂಬುದಕ್ಕೆ ಇದು ಸಾಕ್ಷಿಯಾಗುವುದಿಲ್ಲ.

ಬುಡ ನೋಡಬೇಕಾದರೆ ಪಕ್ಷವಾರು ಅಂಕಿ ಬೇಕು. ಅದಕ್ಕೆ ಯೂಗವ್ ಸಂಸ್ಥೆ ದಿ ಎಕನಾಮಿಸ್ಟ್ ಪತ್ರಿಕೆಗಾಗಿ ವಾರವಾರ ಮಾಡುವ ಸಮೀಕ್ಷೆಯ ಕೋಷ್ಟಕಗಳು ಚೆನ್ನ. ಉದ್ದನೆಯ ಪಿಡಿಎಫ್, ಪ್ರತಿ ಪ್ರಶ್ನೆಗೂ ಡೆಮಾಕ್ರಟಿಕ್, ರಿಪಬ್ಲಿಕನ್, ಪಕ್ಷೇತರ ಎಂಬ ಅಂಕಣಗಳು. ಅಧ್ಯಕ್ಷರ ಕಾರ್ಯವೈಖರಿಯ ಪ್ರಶ್ನೆಗೆ ಹೋಗಿ, ರಿಪಬ್ಲಿಕನ್ ಅಂಕಣದಲ್ಲಿ ‘ಬಲವಾಗಿ ಒಪ್ಪುತ್ತೇನೆ’ ಎಂಬ ಸಾಲು ಹಿಡಿಯಿರಿ. ಒಟ್ಟು ಒಪ್ಪಿಗೆಗಿಂತ ಮೊದಲು ಇಳಿಯುವುದು ಈ ಸಾಲು. ಕಟ್ಟಾ ಬೆಂಬಲಿಗ ಒಂದೇ ದಿನದಲ್ಲಿ ವಿರೋಧಿಯಾಗುವುದಿಲ್ಲ, ಮೊದಲು ದನಿ ತಗ್ಗಿಸುತ್ತಾನೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು ತಪ್ಪಿನ ಅಂತರ, ಅಂದರೆ ಸಮೀಕ್ಷೆಯ ಅಂಕಿ ನಿಜಕ್ಕಿಂತ ಎಷ್ಟು ಅತ್ತಿತ್ತ ಇರಬಹುದೆಂಬ ಲೆಕ್ಕ. 1,000 ಜನರ ಸಮೀಕ್ಷೆಯಲ್ಲಿ ಅದು ಸುಮಾರು 3 ಅಂಶ. ಆದರೆ ಅದರಲ್ಲಿ ರಿಪಬ್ಲಿಕನ್ನರು 300 ಮಂದಿ ಮಾತ್ರ ಎಂದಾದರೆ ಆ ಅಂಕಣದ ಅಂತರ ಸುಮಾರು 5.7. ಎರಡು ವಾರದ ಎರಡು ಅಂಕಣಗಳನ್ನು ಹೋಲಿಸುವಾಗ 8 ಅಂಶದೊಳಗಿನ ವ್ಯತ್ಯಾಸವನ್ನು ಬದಲಾವಣೆ ಎಂದು ಹೇಳುವಂತಿಲ್ಲ. ‘ಸ್ವಪಕ್ಷೀಯರಲ್ಲಿ 4 ಅಂಶ ಇಳಿಕೆ’ ಎಂದು ಯಾರಾದರೂ ಬರೆದರೆ ಒಂದು ತಿಂಗಳು ಕಾಯಿರಿ. ನಾಲ್ಕೈದು ವಾರ ಒಂದೇ ದಿಕ್ಕಿಗೆ ಹೋದರೆ ಆಗ ನಂಬಿ.

ಎರಡನೆಯದು ಇನ್ನೂ ಸೂಕ್ಷ್ಮ, ಪರಿಣತರೂ ಮರೆಯುವಂಥದ್ದು. 100 ಜನರಲ್ಲಿ 30 ಮಂದಿ ತಮ್ಮನ್ನು ರಿಪಬ್ಲಿಕನ್ನರು ಎಂದುಕೊಳ್ಳುತ್ತಾರೆ, ಅವರಲ್ಲಿ 24 ಜನ ಅಧ್ಯಕ್ಷರನ್ನು ಒಪ್ಪುತ್ತಾರೆ. ಶೇ 80. ಬೇಸರಗೊಂಡ ಆರು ಜನರಲ್ಲಿ ನಾಲ್ವರು ಮುಂದಿನ ಸಲ ‘ನಾನು ಪಕ್ಷೇತರ’ ಎನ್ನುತ್ತಾರೆ. ಈಗ 26ರಲ್ಲಿ 24, ಅಂದರೆ ಶೇ 92. ಪಕ್ಷ ಕರಗಿದೆ, ಆದರೆ ಪಕ್ಷದೊಳಗಿನ ಜನಪ್ರಿಯತೆ ಏರಿದೆ! ಆದ್ದರಿಂದ ಕೋಷ್ಟಕದಲ್ಲಿ ರಿಪಬ್ಲಿಕನ್ ಅಂಕಣದಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನೂ, ಪಕ್ಷೇತರ ಅಂಕಣದ ಒಪ್ಪಿಗೆಯನ್ನೂ ಜೊತೆಗೇ ಬರೆದಿಟ್ಟುಕೊಳ್ಳಬೇಕು. ಮೂರೂ ಸೇರಿದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ.

ಈಗ ಕ್ಲರ್ಕ್ ಕಚೇರಿಯ ತಾಣ. ನೋಡಲು ಸರ್ಕಾರಿ ಕಡತದಂತಿದೆ, ಬಣ್ಣಬಣ್ಣದ ಗ್ರಾಫ್ ಇಲ್ಲ. ಆದರೆ ಇದರಲ್ಲಿರುವುದು ಅಭಿಪ್ರಾಯವಲ್ಲ, ನಡೆದ ಸಂಗತಿ. ಪ್ರತಿ ಮತದಾನಕ್ಕೂ ಒಂದು ಪುಟ. ಪಕ್ಷವಾರು ಕೋಷ್ಟಕದಲ್ಲಿ ‘ಯೇ’ (ಪರ), ‘ನೇ’ (ವಿರುದ್ಧ), ‘ಪ್ರೆಸೆಂಟ್’ (ಹಾಜರಿದ್ದೂ ಯಾವ ಕಡೆಗೂ ಇಲ್ಲ), ‘ನಾಟ್ ವೋಟಿಂಗ್’ (ಮತ ಹಾಕಿಲ್ಲ) ಎಂಬ ನಾಲ್ಕು ಅಂಕಣ, ಕೆಳಗೆ ಸದಸ್ಯರ ಹೆಸರು. ವಾರದ ಮೊದಲ ಮತದಾನ ಸಾಮಾನ್ಯವಾಗಿ ಅಲ್ಲಿನ ಸಂಜೆ 6.30ಕ್ಕೆ. ನಮ್ಮಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಬೆಳಗಿನ ಜಾವ 4, ಚಳಿಗಾಲದಲ್ಲಿ 5. ಬೆಳಗಿನ ಕಾಫಿ ಹೊತ್ತಿಗೆ ಯಾರು ಯಾರ ಕೈ ಬಿಟ್ಟರು ಎಂದು ಹೆಸರು ಸಮೇತ ಓದಬಹುದು.

ಇದನ್ನು ವಿಧಾನಸೌಧದ ಕಣ್ಣಿನಿಂದ ಓದಿದರೆ ಮೋಸಹೋಗುತ್ತೇವೆ. ನಮ್ಮಲ್ಲಿ ವಿಪ್ ಮೀರಿದರೆ ಶಾಸಕ ಸ್ಥಾನಕ್ಕೇ ಕುತ್ತು. 2019ರಲ್ಲಿ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದ್ದು ನೆನಪಿರಬಹುದು. ಅಮೆರಿಕದಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ, ಬಿ ಫಾರಂ ಕೊಡುವ ಹೈಕಮಾಂಡ್ ಇಲ್ಲ. ಪಕ್ಷದ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವುದು ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಮತ ಹಾಕುವ ಜನ. ಅಡ್ಡಮತ ಹಾಕಿದವನ ಕುರ್ಚಿ ಮರುದಿನವೂ ಅವನದ್ದೇ. ಅವನು ಹೆದರುವುದು ಅಧ್ಯಕ್ಷರು ಪ್ರೈಮರಿಯಲ್ಲಿ ಎದುರಾಳಿಯನ್ನು ನಿಲ್ಲಿಸುತ್ತಾರೆ ಎಂಬುದಕ್ಕೆ. ಪಕ್ಷದ ಬೆಂಬಲಿಗರಲ್ಲಿ ಅಧ್ಯಕ್ಷರ ಜನಪ್ರಿಯತೆ ಎಷ್ಟು ಗಟ್ಟಿಯೋ ಆ ಹೆದರಿಕೆಯೂ ಅಷ್ಟೇ ಗಟ್ಟಿ. ಸಮೀಕ್ಷೆಯ ಪುಟಕ್ಕೂ ಮತದಾನದ ಪುಟಕ್ಕೂ ಇರುವ ನಂಟು ಇದು.

ಅಂತಿಮ ಮತದ ಸಂಖ್ಯೆ ಮಾತ್ರ ನೋಡುವವರಿಗೆ 2025ರ ನವೆಂಬರ್ 18 ಒಳ್ಳೆಯ ಪಾಠ. ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನ್ ಪ್ರಕರಣದ ಕಡತಗಳನ್ನು ಬಹಿರಂಗಪಡಿಸುವ ಮಸೂದೆ ಅಂದು 427–1ರಿಂದ ಪಾಸಾಯಿತು. ವಿರೋಧಿಸಿದ್ದು ಲೂಸಿಯಾನದ ಕ್ಲೇ ಹಿಗಿನ್ಸ್ ಒಬ್ಬರೇ. ಆ ಪುಟ ನೋಡಿದರೆ ರಿಪಬ್ಲಿಕನ್ ಪಕ್ಷದಲ್ಲಿ ಬಿರುಕೇ ಇಲ್ಲ ಎನ್ನಬೇಕು. ಬಿರುಕು ಇದ್ದದ್ದು ಅದೇ ತಾಣದ ಇನ್ನೊಂದು ಮೂಲೆಯಲ್ಲಿ, ಡಿಸ್ಚಾರ್ಜ್ ಪೆಟಿಷನ್ ವಿಭಾಗದಲ್ಲಿ. ಸ್ಪೀಕರ್ ಸಭೆಗೆ ತರಲು ಒಲ್ಲದ ಮಸೂದೆಯನ್ನು 218 ಸಹಿ ಕೂಡಿಸಿ ಬಲವಂತವಾಗಿ ತರುವ ದಾರಿ ಅದು. ಕ್ಲರ್ಕ್ ಪುಟದಲ್ಲಿ ಸಹಿ ಹಾಕಿದವರ ಹೆಸರು ಸಾಲಾಗಿ ಸಿಗುತ್ತದೆ. ಆ ಪಟ್ಟಿಯಲ್ಲಿದ್ದ ರಿಪಬ್ಲಿಕನ್ನರು ನಾಲ್ವರೇ: ಥಾಮಸ್ ಮ್ಯಾಸಿ, ಮಾರ್ಜರಿ ಟೇಲರ್ ಗ್ರೀನ್, ಲಾರೆನ್ ಬೋಬರ್ಟ್, ನ್ಯಾನ್ಸಿ ಮೇಸ್. ನವೆಂಬರ್ 12ರಂದು ಅರಿಝೋನದ ಅಡೆಲಿಟಾ ಗ್ರಿಹಾಲ್ವಾ ಪ್ರಮಾಣವಚನ ಸ್ವೀಕರಿಸಿ 218ನೇ ಸಹಿ ಹಾಕಿದರು. ಸೋಲು ಖಚಿತವಾದ ಮೇಲೆ, 16ರಂದು, ಅದುವರೆಗೂ ವಿರೋಧಿಸುತ್ತಿದ್ದ ಅಧ್ಯಕ್ಷರೇ ‘ಪರವಾಗಿ ಮತ ಹಾಕಿ’ ಎಂದು ತಮ್ಮವರಿಗೆ ಹೇಳಿದರು. 427 ಎಂಬುದು ಶರಣಾಗತಿಯ ಸಂಖ್ಯೆ, ಭಿನ್ನಮತದ ಸಂಖ್ಯೆ 4. ಅಧ್ಯಕ್ಷರ ಕಟ್ಟಾ ಬೆಂಬಲಿಗರೆಂದೇ ಹೆಸರಾಗಿದ್ದ ಗ್ರೀನ್ 21ರಂದು ರಾಜೀನಾಮೆ ಘೋಷಿಸಿದರು.

ಪೆಟಿಷನ್ ಪುಟ ಬಳಸುವಾಗ ಒಂದು ವಿಷಯ ಗಮನದಲ್ಲಿರಲಿ. 218 ತುಂಬುವವರೆಗೆ ಸಹಿ ವಾಪಸ್ ಪಡೆಯಬಹುದು. ಒಮ್ಮೆ ಎಣಿಸಿ ಬಿಟ್ಟರೆ ಸಾಲದು, ಅಧಿವೇಶನ ಇರುವ ವಾರಗಳಲ್ಲಿ ಮತ್ತೆ ಮತ್ತೆ ನೋಡಬೇಕು.

ಹಾಗೆಯೇ ‘ರೂಲ್’ ಮೇಲಿನ ಮತದಾನಗಳು. ಮಸೂದೆಯನ್ನು ಹೇಗೆ ಚರ್ಚಿಸಬೇಕೆಂದು ತೀರ್ಮಾನಿಸುವ ಈ ಮತದಲ್ಲಿ ಸಭೆಯ ಬಹುಮತ ಪಕ್ಷದವರೆಲ್ಲ ಒಟ್ಟಾಗಿರುವುದು ವಾಡಿಕೆ. 2023ರ ಜೂನ್ 6ರಂದು ಒಂದು ರೂಲ್ 206–220ರಿಂದ ಬಿದ್ದುಹೋಯಿತು, 2002ರ ನಂತರ ಮೊದಲ ಸಲ. ನಾಲ್ಕು ತಿಂಗಳಲ್ಲಿ, ಅಕ್ಟೋಬರ್ 3ರಂದು, ಎಂಟು ರಿಪಬ್ಲಿಕನ್ನರು ಡೆಮಾಕ್ರಟರ ಜೊತೆ ಸೇರಿ ತಮ್ಮದೇ ಸ್ಪೀಕರ್ ಕೆವಿನ್ ಮೆಕಾರ್ಥಿಯನ್ನು 216–210ರಿಂದ ಕೆಳಗಿಳಿಸಿದರು. ಜೂನ್‌ನ ಆ ಪುಟದಲ್ಲಿ ಒಂದು ವಿಚಿತ್ರ ಕಾಣುತ್ತದೆ: ಪಕ್ಷದ ನಾಯಕ ಸ್ಟೀವ್ ಸ್ಕಲೀಸ್ ಹೆಸರು ವಿರೋಧಿಗಳ ಸಾಲಿನಲ್ಲಿದೆ. ಅವರು ಬಂಡೆದ್ದಿರಲಿಲ್ಲ. ಸೋತ ವಿಷಯವನ್ನು ಮತ್ತೆ ಸಭೆಯ ಮುಂದೆ ತರಲು ಗೆದ್ದ ಕಡೆ ಮತ ಹಾಕಿದವರಿಗಷ್ಟೇ ಅವಕಾಶ, ಅದಕ್ಕಾಗಿ ಮತ ಬದಲಿಸಿದ್ದರು. ಬಂಡಾಯಗಾರರನ್ನು ಎಣಿಸುವಾಗ ನಾಯಕರ ಹೆಸರು ಕಂಡರೆ ಬಿಟ್ಟು ಎಣಿಸಿ.

ಹಿಂದಿನ ಅಧ್ಯಕ್ಷರ ಜೊತೆ ಹೋಲಿಸಲು ಸಾಂತಾ ಬಾರ್ಬರಾ ವಿಶ್ವವಿದ್ಯಾಲಯದ ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್‌ಗೆ ಸಾಟಿಯಿಲ್ಲ. ಗ್ಯಾಲಪ್ ಸಮೀಕ್ಷಾ ಸಂಸ್ಥೆಯ ಅಂಕಿಗಳು ದಿನಾಂಕ ಸಮೇತ ಕೋಷ್ಟಕದಲ್ಲಿವೆ, ಸ್ಪ್ರೆಡ್‌ಶೀಟಿಗೆ ನಕಲು ಮಾಡಿಕೊಳ್ಳಬಹುದು. ಕೊಲ್ಲಿ ಯುದ್ಧ ಮುಗಿದಾಗ ಶೇ 89 ಇದ್ದ ಹಿರಿಯ ಬುಷ್ 1992ರ ಬೇಸಿಗೆಗೆ 29ಕ್ಕೆ ಇಳಿದದ್ದು ಅಲ್ಲಿ ಸಾಲುಸಾಲಾಗಿ ಕಾಣುತ್ತದೆ. ಆದರೆ ಈ ಪುಟ ಕಲಿಸುವ ಹೆಚ್ಚಿನ ಪಾಠ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರದ್ದು. 1979ರ ಮಧ್ಯಭಾಗದಲ್ಲಿ ಶೇ 28. ಎಡ್ವರ್ಡ್ ಕೆನಡಿ ಸ್ವಪಕ್ಷದಲ್ಲೇ ಸವಾಲು ಹಾಕಿದ್ದು ನವೆಂಬರ್ 7ರಂದು, ಟೆಹ್ರಾನ್‌ನಲ್ಲಿ ಅಮೆರಿಕನ್ನರ ಒತ್ತೆಸೆರೆ ಆರಂಭವಾಗಿ ಮೂರೇ ದಿನಕ್ಕೆ. ದೇಶ ಅಧ್ಯಕ್ಷರ ಹಿಂದೆ ನಿಂತಿತು, 1980ರ ಜನವರಿಯ ಹೊತ್ತಿಗೆ ಶೇ 58. ಕೆನಡಿ ಸೋತರು. ನವೆಂಬರ್‌ನಲ್ಲಿ ಕಾರ್ಟರ್ ಕೂಡ ಸೋತರು. ಕುಸಿದ ಜನಪ್ರಿಯತೆ ಭಿನ್ನಮತಕ್ಕೆ ಬಾಗಿಲು ತೆರೆಯುತ್ತದೆ, ಬಂಡಾಯ ಗೆಲ್ಲುತ್ತದೆ ಎಂಬ ಖಾತರಿ ಮಾತ್ರ ಕೊಡುವುದಿಲ್ಲ.

ಸದಸ್ಯರಿಗೆ ಎಡಬಲದ ಅಂಕ ಕೊಡುವ ವೋಟ್‌ವ್ಯೂ ಅನ್ನು ಹೊಸಬರಿಗೆ ಶಿಫಾರಸು ಮಾಡುವುದಿಲ್ಲ. ಪಕ್ಷದ ವಿರುದ್ಧ ಮತ ಹಾಕಿದ್ದು ಮಸೂದೆ ಅತಿಯಾಯಿತೆಂದೋ ಸಾಲದೆಂದೋ ಎಂಬುದು ಅದರ ಗಣಿತಕ್ಕೆ ಗೊತ್ತಾಗುವುದಿಲ್ಲ. ತೀರಾ ಅಂಚಿನಲ್ಲಿರುವವರು ಕೆಲವೊಮ್ಮೆ ನಡುಪಂಥದವರಂತೆ ಕಾಣುತ್ತಾರೆ.

ಕೊನೆಯದಾಗಿ ಬ್ಯಾಲಟ್‌ಪೀಡಿಯ. ಪ್ರೈಮರಿಗೆ ನಾಮಪತ್ರ ಸಲ್ಲಿಸುವ ಕೊನೆ ದಿನ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆ ಪಟ್ಟಿ ಇಲ್ಲಿ ಒಂದೇ ಕಡೆ ಸಿಗುತ್ತದೆ. ಆ ದಿನ ಕಳೆದು, ಎದುರಾಳಿ ಯಾರೂ ನಿಲ್ಲದಿದ್ದರೆ ಸದಸ್ಯನ ಬೆನ್ನು ನೆಟ್ಟಗಾಗುತ್ತದೆ. ಮತ್ತೆ ಸ್ಪರ್ಧಿಸುವುದಿಲ್ಲ ಎಂದವರ ಪಟ್ಟಿಯೂ ಅಲ್ಲಿದೆ, ಅದನ್ನು ತಪ್ಪದೆ ನೋಡಿ. ಉತ್ತರ ಕ್ಯಾರೊಲಿನಾದ ಸೆನೆಟರ್ ಥಾಮ್ ಟಿಲ್ಲಿಸ್ 2025ರ ಜೂನ್ 28ರಂದು ಅಧ್ಯಕ್ಷರ ತೆರಿಗೆ ಮಸೂದೆಯನ್ನು ಚರ್ಚೆಗೆ ತೆಗೆದುಕೊಳ್ಳುವುದನ್ನು ವಿರೋಧಿಸಿದರು, ಮರುದಿನ ಮುಂದೆ ಸ್ಪರ್ಧಿಸುವುದಿಲ್ಲ ಎಂದರು, ಜುಲೈ 1ರಂದು ಅಂತಿಮ ಮತದಲ್ಲೂ ವಿರೋಧಿಸಿದರು. ಸೂಸನ್ ಕಾಲಿನ್ಸ್, ರ‍್ಯಾಂಡ್ ಪಾಲ್ ಜೊತೆಗೂಡಿದ್ದರಿಂದ 50–50 ಆಗಿ, ಉಪಾಧ್ಯಕ್ಷ ವ್ಯಾನ್ಸ್ ಅವರ ಮತದಿಂದಷ್ಟೇ ಮಸೂದೆ ಉಳಿಯಿತು. ನಿವೃತ್ತಿಯಾಗುವವರ ಪಟ್ಟಿಗೆ ಹೊಸ ಹೆಸರು ಸೇರಿದ ವಾರ, ಆ ಹೆಸರನ್ನು ಬರೆದಿಟ್ಟುಕೊಂಡು ಮುಂದಿನ ಮತದಾನದ ಪುಟದಲ್ಲಿ ಹುಡುಕಿ. ಸೆನೆಟ್ ಸದಸ್ಯರಾದರೆ ಸೆನೆಟ್‌ನ ಅಧಿಕೃತ ತಾಣದಲ್ಲಿ ಇದೇ ರೀತಿಯ ಪುಟ ಇದೆ.