ಒಂದೇ ಸ್ಲಾಟ್, ಮೂರು ಸ್ಟಿಕ್: 4, 8, 16 ಜಿಬಿ ಹಾಕಿ ನೋಡಿದ್ದು

ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಅನೇಕದರ ಕಥೆ ಒಂದೇ. 4 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಪಕ್ಕದಲ್ಲೊಂದು ಸ್ಲಾಟ್ ಖಾಲಿ ಇರುತ್ತದೆ. ನನ್ನದೂ ಅಂಥದ್ದೇ: ಐ5-8250ಯು ಪ್ರೊಸೆಸರ್, ಡಿಡಿಆರ್4 ರ‍್ಯಾಮ್. ಆ ಖಾಲಿ ಜಾಗಕ್ಕೆ ಮೂರು ಅಳತೆಯ ಸ್ಟಿಕ್‌ಗಳನ್ನು ಒಂದಾದ ಮೇಲೊಂದು ಹಾಕಿ, ನನ್ನ ಮಾಮೂಲಿ ಕೆಲಸವನ್ನೇ ಮಾಡಿ ನೋಡಿದೆ. ಕೆಲಸ ಅಂದರೆ ಬ್ರೌಸರಿನ ತುಂಬ ಟ್ಯಾಬ್, ಒಂದು ದೊಡ್ಡ ಸ್ಪ್ರೆಡ್‌ಶೀಟ್, ವಿಡಿಯೊ ಕರೆ, ಅಪರೂಪಕ್ಕೆ ಒಂದು ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್).

ಕಾಗದದ ಮೇಲೆ ಗೆಲ್ಲುವುದು 4 ಜಿಬಿಯೇ. ಬೋರ್ಡಿನಲ್ಲಿರುವ 4ಕ್ಕೆ ಸರಿಜೋಡಿಯಾಗಿ ಪೂರ್ತಿ ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದರೆ ಪ್ರೊಸೆಸರಿಗೂ ಮೆಮೊರಿಗೂ ನಡುವೆ ಎರಡು ದಾರಿ ಒಟ್ಟಿಗೇ ತೆರೆದಿರುತ್ತವೆ. 2400 ವೇಗದ (ಸೆಕೆಂಡಿಗೆ 2400 ಮಿಲಿಯನ್ ವರ್ಗಾವಣೆ) ಒಂದು ಚಾನೆಲ್ ಸೆಕೆಂಡಿಗೆ 19.2 ಜಿಬಿ ಸಾಗಿಸಿದರೆ, ಎರಡು ಸೇರಿ 38.4. ಇಂಥ ಲ್ಯಾಪ್‌ಟಾಪಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ ಈ ಲಾಭ ಮೊದಲು ಕಣ್ಣಿಗೆ ಬೀಳುವುದು ಹಗುರ ಗೇಮ್‌ಗಳಲ್ಲಿ. ನಿಜಕ್ಕೂ ಬಿತ್ತು. ಆದರೆ ಒಟ್ಟು 8 ಜಿಬಿಯಲ್ಲಿ ಆಪರೇಟಿಂಗ್ ಸಿಸ್ಟಮ್ ಒಂದಿಷ್ಟು, ಗ್ರಾಫಿಕ್ಸ್ ಒಂದಿಷ್ಟು ಕಿತ್ತುಕೊಂಡ ಮೇಲೆ ಉಳಿದದ್ದು ಬ್ರೌಸರಿಗೂ ವಿಡಿಯೊ ಕರೆಗೂ ಸಾಲಲಿಲ್ಲ. ಹಳೆಯ ಟ್ಯಾಬಿಗೆ ಮರಳಿದರೆ ಪುಟ ಮತ್ತೆ ಲೋಡ್ ಆಗುತ್ತಿತ್ತು, ಸ್ವಾಪ್ (ಮೆಮೊರಿಯಲ್ಲಿ ಹಿಡಿಸದ್ದನ್ನು ಡಿಸ್ಕಿಗೆ ಇಳಿಸಿಡುವ ಜಾಗ) ಬೆಳೆಯುತ್ತಲೇ ಇತ್ತು. ರ‍್ಯಾಮ್ ತುಂಬಿ ಎಸ್‌ಎಸ್‌ಡಿಯ ಬಾಗಿಲು ತಟ್ಟಬೇಕಾದಾಗ, ಚಾನೆಲ್ ಒಂದಿದ್ದರೇನು ಎರಡಿದ್ದರೇನು?

8 ಜಿಬಿಯ ಬಗ್ಗೆ ಜನ ಹೇಳುವ ಆಕ್ಷೇಪ ಒಂದೇ: 4ಕ್ಕೆ 8 ಸೇರಿಸಿದರೆ ಜೋಡಿ ಆಗುವುದಿಲ್ಲ, ಡ್ಯುಯಲ್ ಚಾನೆಲ್ ಕೈತಪ್ಪುತ್ತದೆ. ಇದು ಅರ್ಧಸತ್ಯ. ಇಂಟೆಲ್‌ನಲ್ಲಿ ಫ್ಲೆಕ್ಸ್ ಮೋಡ್ ಅಂತ ಒಂದಿದೆ. ಎರಡೂ ಕಡೆಯಿಂದ ನಾಲ್ಕು ನಾಲ್ಕು ತೆಗೆದು, ಅಷ್ಟನ್ನು ಡ್ಯುಯಲ್ ಆಗಿ ನಡೆಸುತ್ತದೆ. ಮಿಕ್ಕ 4 ಜಿಬಿ ಮಾತ್ರ ಸಿಂಗಲ್. ಅಂದರೆ 12ರಲ್ಲಿ ಮೂರನೇ ಎರಡು ಪಾಲು ಡ್ಯುಯಲ್ಲೇ. ಅದೇ ಗೇಮ್‌ನಲ್ಲಿ 4 ಜಿಬಿ ಸ್ಟಿಕ್ಕಿಗೂ ಇದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಸ್ವಾಪ್ ಮಾತ್ರ ಹೆಚ್ಚುಕಡಿಮೆ ನಿಂತೇಹೋಯಿತು. ದಿನಬಳಕೆಗೆ ನನ್ನ ಮತ ಇದಕ್ಕೇ.

16 ಹಾಕಿದರೆ ಒಟ್ಟು 20. ವರ್ಚುವಲ್ ಮಷಿನ್‌ಗೆ 6 ಜಿಬಿ ಕೊಟ್ಟು ಮರೆತುಬಿಡಬಹುದು, ಆ ಸುಖಕ್ಕೆ ಸಾಟಿಯಿಲ್ಲ. ಅದಿಲ್ಲದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ರ‍್ಯಾಮ್ ಬರೀ ಫೈಲ್ ಕ್ಯಾಶ್ (ಮತ್ತೆ ಬೇಕಾದೀತೆಂದು ಇಟ್ಟುಕೊಂಡ ಫೈಲುಗಳ ಪ್ರತಿ) ಆಗಿ ಕೂತಿತ್ತು. ಇನ್ನೊಂದು ಕಿರಿಕಿರಿ ಸ್ಲೀಪಿನದು. ಈ ಮೆಮೊರಿಯ ಪ್ರತಿ ಸಾಲನ್ನೂ 64 ಮಿಲಿಸೆಕೆಂಡಿಗೊಮ್ಮೆ ರಿಫ್ರೆಶ್ ಮಾಡುತ್ತಿರಬೇಕು, ಲ್ಯಾಪ್‌ಟಾಪ್ ಮಲಗಿದ್ದರೂ ಅದು ತಪ್ಪುವುದಿಲ್ಲ. ಮೆಮೊರಿ ಹೆಚ್ಚಾದಷ್ಟೂ ಬ್ಯಾಟರಿ ಕರಗುವುದು ಸ್ವಲ್ಪ ಹೆಚ್ಚು. ಹೈಬರ್ನೇಟ್ (ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರುವುದು) ಬಳಸುವವರಿಗೆ ಅದರ ಫೈಲೂ ಹಿಗ್ಗುತ್ತದೆ. 128 ಜಿಬಿ ಎಸ್‌ಎಸ್‌ಡಿಯಲ್ಲಿ ಅದು ಸಣ್ಣ ವಿಷಯವಲ್ಲ.

ವೇಗದ ಹೋಲಿಕೆ ಬೇಗ ಮುಗಿಯುತ್ತದೆ. 2400ರದ್ದನ್ನೂ 3200ರದ್ದನ್ನೂ ಹಾಕಿ ನೋಡಿದೆ, ಎರಡೂ 2400ರಲ್ಲೇ ಓಡಿದವು. ಈ ಪ್ರೊಸೆಸರಿನ ಮಿತಿಯೇ ಅಷ್ಟು. ಲೇಟೆನ್ಸಿಯಲ್ಲೂ, ಅಂದರೆ ಕೇಳಿದ ಮಾಹಿತಿ ಬರಲು ಹಿಡಿಯುವ ಹೊತ್ತಿನಲ್ಲೂ, ಹೇಳಿಕೊಳ್ಳುವಂಥದ್ದಿಲ್ಲ: 2400ರಲ್ಲಿ ಸಿಎಲ್17 (17 ಕ್ಲಾಕ್ ಬಡಿತಗಳ ಕಾಯುವಿಕೆ) ಅಂದರೆ ಸುಮಾರು 14.2 ನ್ಯಾನೊಸೆಕೆಂಡ್, 3200ರಲ್ಲಿ ಸಿಎಲ್22 ಅಂದರೆ 13.75. ಹೆಚ್ಚು ವೇಗದ್ದು ಹಾಕಿದರೆ ತೊಂದರೆಯೇನೂ ಇಲ್ಲ, ಅದಕ್ಕಾಗಿ ಹೆಚ್ಚು ಕೊಡಬೇಡಿ ಅಷ್ಟೆ. ಅದಕ್ಕಿಂತ ಸ್ಟಿಕ್ಕಿನ ಚೀಟಿಯ ಮೇಲೆ 1ಆರ್×8 ಅಂತಿದೆಯೋ 1ಆರ್×16 ಅಂತಿದೆಯೋ ನೋಡಿ. ಎರಡನೆಯದರಲ್ಲಿ ಚಿಪ್‌ಗಳು ನಾಲ್ಕೇ, ಬ್ಯಾಂಕ್ ಗುಂಪುಗಳೂ (ಚಿಪ್ಪಿನೊಳಗೆ ಸರದಿಯಲ್ಲಿ ಕೆಲಸ ಹಂಚಿಕೊಳ್ಳುವ ವಿಭಾಗಗಳು) ಅರ್ಧ. ಉಳಿದದ್ದೆಲ್ಲ ಸಮನಾಗಿದ್ದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ.

ಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ, ವೇಗವೆಷ್ಟು ಎಂದು ನೋಡಬಹುದು. ಲಿನಕ್ಸ್‌ನಲ್ಲಾದರೆ ಡಿಎಂಐಡಿಕೋಡ್ ಎಂಬ ಕಮಾಂಡ್ ಇದೆ. ಸ್ಲಾಟಿನ ಎಣಿಕೆಯನ್ನು ಪೂರ್ತಿ ನಂಬಬೇಡಿ, ಬೆಸುಗೆ ಹಾಕಿದ ಚಿಪ್‌ಗಳನ್ನೂ ಕೆಲವೊಮ್ಮೆ ಸ್ಲಾಟ್ ಎಂದೇ ತೋರಿಸುತ್ತದೆ. ಎಲ್‌ಪಿಡಿಡಿಆರ್ (ಕಡಿಮೆ ವಿದ್ಯುತ್ ಬಳಸುವ ಮೆಮೊರಿ) ಅಂತ ಕಂಡರೆ ಹೆಚ್ಚಾಗಿ ಎಲ್ಲವೂ ಬೆಸುಗೆಯೇ, ಆಸೆ ಬಿಡಿ. ಪ್ರೊಸೆಸರಿನ ಗರಿಷ್ಠ ಮಿತಿಯೂ ಮುಖ್ಯ: ಸೆಲೆರಾನ್ ಎನ್4020ಕ್ಕೆ ಇಂಟೆಲ್ ಹೇಳುವುದು 8 ಜಿಬಿ ಮಾತ್ರ, ಅಲ್ಲಿ ನನ್ನ ಲೆಕ್ಕವೆಲ್ಲ ತಲೆಕೆಳಗು, 4ರ ಸ್ಟಿಕ್ಕೇ ಸರಿ. ಹಳೆಯ ಡಿಡಿಆರ್3ಎಲ್ ಸ್ಟಿಕ್ಕಿಗೆ 204 ಪಿನ್, ಡಿಡಿಆರ್4ಕ್ಕೆ 260. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ.

ಹಾಕುವಾಗ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಸ್ಟಿಕ್ಕನ್ನು ಓರೆಯಾಗಿ ತೂರಿಸಿ, ಎರಡೂ ಬದಿಯ ಕ್ಲಿಪ್ ಕಚ್ಚಿಕೊಳ್ಳುವವರೆಗೆ ಕೆಳಗೆ ಒತ್ತಿ. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ, ಬೋರ್ಡು ಹೊಸ ಮೆಮೊರಿಗೆ ಹೊಂದಿಕೊಳ್ಳುತ್ತಿರುತ್ತದೆ. ಆಮೇಲೆ ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ಪೂರ್ತಿ ಸುತ್ತು ಓಡಲಿ. ಕೆಳಗಿನ ಮುಚ್ಚಳದ ಸ್ಕ್ರೂ ಬಿಗಿಯುವುದು ಅದಾದ ಮೇಲೆ.