ಜೇನುಪೆಟ್ಟಿಗೆಯ ಮೇಣದ ಹುಳ ಕೋಳಿಗೆ: ಹೇಗೆ ಕೊಟ್ಟರೆ ಒಳ್ಳೆಯದು?

ಕಾಸರಗೋಡಿನ ಬದಿಯಡ್ಕದ ಸುತ್ತಮುತ್ತ ತೋಟದಲ್ಲಿ ತುಡುವೆ ಜೇನು ಸಾಕುವ ನಮಗೆ ಆಟಿ ತಿಂಗಳು ಕಷ್ಟದ ಕಾಲ. ಮಳೆ ಬಿಡುವುದಿಲ್ಲ, ಹೂವು ಕಡಿಮೆ, ಕುಟುಂಬ ಸೊರಗುತ್ತದೆ. ನೊಣಗಳು ಕಾಯಲಾಗದ ಎರಿಯೊಳಗೆ ಮೇಣದ ಹುಳ, ಅಂದರೆ ಮೇಣದ ಪತಂಗದ ಮರಿಹುಳ, ಸುರಂಗ ಕೊರೆದು ಬಲೆ ಕಟ್ಟುತ್ತದೆ. ಜಾಸ್ತಿಯಾದರೆ ಜೇನು ಪೆಟ್ಟಿಗೆ ಬಿಟ್ಟೇ ಹೋಗುತ್ತದೆ. ಮನೆಯಲ್ಲಿ ಕೋಳಿ ಇದ್ದರೆ ಈ ಹುಳ ಅದಕ್ಕೆ ಒಳ್ಳೆಯ ತಿಂಡಿ. ಕೊಡುವುದಕ್ಕೆ ಮೂರು ದಾರಿ ಮಾಡಿ ನೋಡಿದ್ದೇನೆ.

ಸುಲಭದ್ದು, ಕೋಳಿಗಳನ್ನು ಪೆಟ್ಟಿಗೆಯ ಕೆಳಗೆ ಮೇಯಲು ಬಿಡುವುದು. ಬಿದ್ದ ಹುಳ, ಇರುವೆ, ಸತ್ತ ನೊಣ ಎಲ್ಲ ಹೆಕ್ಕುತ್ತವೆ. ಆದರೆ ಮೇಣದ ಹುಳ ಇರುವುದು ಎರಿಯೊಳಗೆ. ಗೂಡು ಕಟ್ಟುವುದೂ ಮರದ ಸಂದಿಯಲ್ಲೇ. ಅಲ್ಲಿಗೆ ಕೋಳಿಯ ಕೊಕ್ಕು ಹೋಗುವುದಿಲ್ಲ ಅಲ್ವಾ? ಮೇಲಾಗಿ, ಇರುವೆ ಹತ್ತಬಾರದೆಂದು ಸ್ಟ್ಯಾಂಡಿನ ಕಾಲಿಗೆ ಇಟ್ಟ ನೀರಿನ ಬಟ್ಟಲಿಗೆ ಕೆದಕಿ ಕೆದಕಿ ಮಣ್ಣು ತುಂಬಿಸುತ್ತವೆ. ಆಮೇಲೆ ಇರುವೆಗೆ ದಾರಿ ಸಲೀಸು.

ಎರಡನೆಯದು, ಕೆಟ್ಟ ಎರಿಯನ್ನು ಇಡಿಯಾಗಿ ಅಂಗಳಕ್ಕೆ ಎಸೆಯುವುದು. ಕೋಳಿಗಳಿಗೆ ಹಬ್ಬ, ನಿಜ. ನನಗೆ ಇದು ಬಿಲ್‌ಕುಲ್ ಇಷ್ಟವಿಲ್ಲ. ಹುಳದ ಜತೆ ಮೇಣ, ಬಲೆ ಎಲ್ಲ ನುಂಗುತ್ತವೆ. ಎರಿಯಲ್ಲಿ ಸ್ವಲ್ಪ ಜೇನುತುಪ್ಪ ಉಳಿದಿದ್ದರೂ ಬೇರೆ ಪೆಟ್ಟಿಗೆಯ ನೊಣಗಳು ಅದಕ್ಕೆ ಮುತ್ತುತ್ತವೆ. ಒಂದು ಕುಟುಂಬದ ರೋಗ ಇನ್ನೊಂದಕ್ಕೆ ಹರಡುವುದು ಹೀಗೆಯೇ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ, ಜೇನಿನ ಮರಿಗಳನ್ನು ಸಾಯಿಸುವ ವೈರಸ್ ರೋಗ ಕೇರಳದ ತುಡುವೆ ಜೇನನ್ನು ಹೇಗೆ ನಾಶ ಮಾಡಿತು ಅನ್ನುವುದನ್ನು ಹಿರಿಯರು ಇನ್ನೂ ಹೇಳುತ್ತಾರೆ. ಸುಮ್ನೆ ಅಂಥ ಅಪಾಯ ಯಾಕೆ?

ಮೂರನೆಯದು ಹುಳ ಬಿಡಿಸಿ ಕೊಡುವುದು. ಸಮಯ ಬೇಕು, ಆದರೂ ನನ್ನ ಮತ ಇದಕ್ಕೇ. ಈ ಹುಳಕ್ಕೆ ಬೆಳಕು ಆಗುವುದಿಲ್ಲ. ಬಿಸಿಲು ಬಿದ್ದ ದಿನ ಎರಿಯನ್ನು ಪೆಟ್ಟಿಗೆಗಳಿಂದ ದೂರ ಒಯ್ದು, ಒಂದು ಬೋಗುಣಿಯ ಮೇಲೆ ಮುರಿದು ಹಿಡಿದರೆ ಹೊರಗೆ ಹರಿದು ಬರುತ್ತವೆ. ಉಳಿದದ್ದನ್ನು ಕಡ್ಡಿಯಲ್ಲಿ ತೆಗೆಯಬಹುದು. ಒಮ್ಮೆಗೆ ಬೇಡವಾದಷ್ಟನ್ನು ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಸಾಯುತ್ತವೆ, ಕೆಡುವುದೂ ಇಲ್ಲ. ಎರಿಯ ಮೇಣ ಕರಗಿಸಲು ಉಳಿಯುತ್ತದೆ.

ಆದರೆ ಹೊಟ್ಟೆ ತುಂಬ ಕೊಡಬಾರದು. ಮೇಣದ ಹುಳದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬು, ಪ್ರೋಟೀನ್ ಅದಕ್ಕಿಂತ ಕಡಿಮೆ. ಸುಣ್ಣದ ಅಂಶವಂತೂ ತೀರಾ ಕಡಿಮೆ. ಮೊಟ್ಟೆ ಇಡುವ ಹೇಂಟೆಗಳಿಗೆ ಮರುವಾಯಿಯ (ಕಪ್ಪೆಚಿಪ್ಪಿನ) ಚಿಪ್ಪು ಪುಡಿ ಮಾಡಿ ಬೇರೆಯಾಗಿ ಇಡಲೇಬೇಕು. ನುಸಿಗುಳಿಗೆ ಹಾಕಿ ಕಟ್ಟಿಟ್ಟ ಹಳೆಯ ಎರಿಯ ಹುಳವನ್ನು ಮಾತ್ರ ಕೋಳಿಗೆ ಹಾಕಲೇಬೇಡಿ.

ಗೊಬ್ಬರದ ಗುಂಡಿಯ ಕುರುವಾಯಿ ದುಂಬಿಯ ಮರಿಹುಳದ ಜತೆಗೂ ಹೋಲಿಸಿ ನೋಡಿದೆ. ಅದು ದಪ್ಪ, ಹೊಟ್ಟೆ ತುಂಬ ಗೊಬ್ಬರ. ನಮ್ಮ ಹೇಂಟೆಗಳು ಮೇಣದ ಹುಳಕ್ಕೇ ಮೊದಲು ಓಡುತ್ತವೆ. ಆದರೆ ಕೆಲಸದ ಲೆಕ್ಕದಲ್ಲಿ ಕುರುವಾಯಿಯೇ ಮುಂದು. ಗುಂಡಿ ಮಗುಚುವಾಗ ಕೋಳಿ ಬಿಟ್ಟರೆ ಅವು ತಾವೇ ಹೆಕ್ಕುತ್ತವೆ, ತೆಂಗಿನ ಸುಳಿ ಕೊರೆಯುವ ದುಂಬಿ ಅಲ್ಲೇ ಕಡಿಮೆಯಾಗುತ್ತದೆ. ಮೇಣದ ಹುಳದಲ್ಲಿ ಹಾಗಲ್ಲ. ನಾವು ಬಿಡಿಸಿ ಕೊಟ್ಟದ್ದನ್ನಷ್ಟೇ ಕೋಳಿ ತಿನ್ನುತ್ತದೆ. ನೊಣ ಕೂರದ ಎರಿಯನ್ನು ಮಳೆಗೆ ಮೊದಲೇ ತೆಗೆದು, ಅಡಿಹಲಗೆಯ ಕಸ ಆಗಾಗ ಗುಡಿಸುವ ಕೆಲಸ ನಮ್ಮದೇ.