ಪೈಥಾನ್ ಇಂಟರ್‌ಪ್ರಿಟರ್: ಕೊನೆಯಿಲ್ಲದ ರಿಕರ್ಶನ್ ಸಿಕ್ಕಾಗ ಹೇಗೆ ನಡೆದುಕೊಳ್ಳುತ್ತದೆ?

ತನ್ನನ್ನೇ ಕರೆಯುತ್ತ ಹೋಗುವ ಫಂಕ್ಷನ್ ಕೊಟ್ಟರೆ ಪೈಥಾನ್ ಸುಮಾರು 1000 ಕರೆಗಳಿಗೆ ನಿಂತು ರಿಕರ್ಶನ್‌ಎರರ್ ಕೊಡುತ್ತದೆ. ಪೈಥಾನ್ 3.5 ಆವೃತ್ತಿಗೆ ಮುಂಚೆ ಬರೀ ರನ್‌ಟೈಮ್‌ಎರರ್ ಬರುತ್ತಿತ್ತು. 3.6ರಿಂದ ಟ್ರೇಸ್‌ಬ್ಯಾಕ್ (ಎರರ್ ಬಂದಾಗ ಕರೆಗಳ ಹಾದಿ ತೋರಿಸುವ ಪಟ್ಟಿ) ಕೂಡ ಸುಧಾರಿಸಿದೆ: ಒಂದೇ ಸಾಲನ್ನು ಸಾವಿರ ಸಲ ಸುರಿಯದೆ, ಮೂರು ಸಲ ತೋರಿಸಿ ಉಳಿದದ್ದನ್ನು ಎಣಿಕೆಯಲ್ಲಿ ಹೇಳುತ್ತದೆ. ಆದರೆ ಎರಡು ಫಂಕ್ಷನ್‌ಗಳು ಒಂದನ್ನೊಂದು ಕರೆಯುತ್ತಿದ್ದರೆ ಈ ಸೌಲಭ್ಯ ಇಲ್ಲ, ಪೂರ್ತಿ ಪಟ್ಟಿ ಬಂದು ಬೀಳುತ್ತದೆ.

ಇಂಥ ತಪ್ಪು ಆಗಾಗ ಅವಿತಿರುವುದು ಗೆಟ್‌ಆಟ್ರ್ ಮೆಥಡ್‌ನಲ್ಲಿ (ಆಬ್ಜೆಕ್ಟ್‌ನಲ್ಲಿ ಹುಡುಕಿದ ಹೆಸರು ಸಿಗದಿದ್ದಾಗ ಪೈಥಾನ್ ಕರೆಯುವುದು ಇದನ್ನೇ). ಆಬ್ಜೆಕ್ಟ್ ನಕಲಿಸುವ ಕಾಪಿ, ಉಳಿಸಿ ಮರಳಿ ತರುವ ಪಿಕಲ್ ಮಾಡ್ಯೂಲ್‌ಗಳು ಆರಂಭದ ಡೇಟಾ ತುಂಬುವ ಇನಿಟ್ ಓಡಿಸದೆಯೇ ಆಬ್ಜೆಕ್ಟ್ ಕಟ್ಟುತ್ತವೆ. ಒಳಗಿನ ಡೇಟಾ ಇನ್ನೂ ಇಲ್ಲದ್ದರಿಂದ, ಅದನ್ನು ಹುಡುಕಲು ಗೆಟ್‌ಆಟ್ರ್ ಮತ್ತೆ ತನ್ನನ್ನೇ ಕರೆಯುತ್ತದೆ. ಅಂಡರ್‌ಸ್ಕೋರ್‌ನಿಂದ ಶುರುವಾಗುವ ಹೆಸರು ಬಂದರೆ ಮೊದಲ ಸಾಲಿನಲ್ಲೇ ಆಟ್ರಿಬ್ಯೂಟ್‌ಎರರ್ ಕೊಟ್ಟುಬಿಡಿ. ಇನ್ನು ಎಲ್ಲ ಕಡೆ 'ಎಕ್ಸೆಪ್ಟ್ ಎಕ್ಸೆಪ್ಶನ್' ಬರೆಯುವವರಿಗೆ ರಿಕರ್ಶನ್‌ಎರರ್ ಕಣ್ಣಿಗೇ ಬೀಳುವುದಿಲ್ಲ, ಅದೂ ಅಲ್ಲೇ ಸಿಕ್ಕಿಬಿದ್ದು ಮಾಯವಾಗುತ್ತದೆ.

ಸೆಟ್‌ರಿಕರ್ಶನ್‌ಲಿಮಿಟ್‌ನಿಂದ ಮಿತಿ ಏರಿಸಿ ಎನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಅದು ಅಂಕಿಯನ್ನು ಬದಲಿಸುತ್ತದೆಯೇ ಹೊರತು ಜಾಗ ಕೊಡುವುದಿಲ್ಲ. 3.10ರವರೆಗೆ ಪ್ರತಿ ಕರೆಯೂ ಸಿ ಸ್ಟ್ಯಾಕ್ (ಕರೆಗಳಿಗೆಂದು ಆಪರೇಟಿಂಗ್ ಸಿಸ್ಟಮ್ ಕೊಡುವ ಸೀಮಿತ ಮೆಮೊರಿ) ತಿನ್ನುತ್ತಿತ್ತು. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 8 ಎಂಬಿ. ಮೀರಿದರೆ ಸೆಗ್‌ಫಾಲ್ಟ್ (ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಂ ಅನ್ನೇ ಕೊಲ್ಲುತ್ತದೆ), ಟ್ರೇಸ್‌ಬ್ಯಾಕ್ ಕೂಡ ಇಲ್ಲ. (ಪೈಥಾನ್‌ನ ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲ್ ಆನ್ ಮಾಡಿ ಓಡಿಸಿದರೆ ಎಲ್ಲಿ ಬಿತ್ತೆಂದಾದರೂ ಗೊತ್ತಾಗುತ್ತದೆ.) 3.11ರಿಂದ ಶುದ್ಧ ಪೈಥಾನ್ ಕರೆಗಳು ಸಿ ಸ್ಟ್ಯಾಕ್ ಮುಟ್ಟುವುದಿಲ್ಲ, ಹಾಗಾಗಿ ಮಿತಿಯನ್ನು ಕೋಟಿಗಟ್ಟಲೆ ಏರಿಸಿದರೆ ಬದಲಿಗೆ ರ‍್ಯಾಮ್ ಖಾಲಿಯಾಗುತ್ತದೆ. ನಿಜಕ್ಕೂ ಆಳವಾದ ಮರವನ್ನು (ಟ್ರೀ ರೂಪದ ಡೇಟಾ) ಸುತ್ತಬೇಕಿದ್ದರೆ ಒಂದು ಲಿಸ್ಟ್ ಇಟ್ಟುಕೊಂಡು ವೈಲ್ ಲೂಪ್ ಬರೆಯಿರಿ. ಹಳೆಯ ಆವೃತ್ತಿಯಲ್ಲಿ ರಿಕರ್ಶನ್ ಬಿಡಲಾಗದಿದ್ದರೆ, ಥ್ರೆಡ್ ಶುರು ಮಾಡುವ ಮುಂಚೆ ಥ್ರೆಡಿಂಗ್‌ನ ಸ್ಟ್ಯಾಕ್‌ಸೈಜ್ 64 ಎಂಬಿಗೆ ಏರಿಸಿ, ಕೆಲಸವನ್ನು ಆ ಥ್ರೆಡ್‌ನಲ್ಲೇ ಓಡಿಸಿ. ಮಿತಿಯನ್ನೂ ಜೊತೆಗೇ ಏರಿಸಬೇಕು.

ಉಳಿದ ಭಾಷೆಗಳ ಪಕ್ಕದಲ್ಲಿಟ್ಟರೆ ಪೈಥಾನ್‌ದೇ ಮೇಲುಗೈ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ರೇಂಜ್‌ಎರರ್ ಕೊಡುತ್ತದೆ, ಆದರೆ ಮೇಲಿನ 10 ಫ್ರೇಮ್ (ಒಂದೊಂದು ಕರೆಯ ಸಾಲು) ಮಾತ್ರ ತೋರಿಸುವುದರಿಂದ ಮೊದಲು ಕರೆದವರು ಯಾರೆಂದು ತಿಳಿಯದು, ಸ್ಟ್ಯಾಕ್‌ಟ್ರೇಸ್‌ಲಿಮಿಟ್ ಏರಿಸಿಕೊಳ್ಳಬೇಕು. ಪಿಎಚ್‌ಪಿ ಡಿಫಾಲ್ಟ್ ಮಿತಿಯಾದ 128 ಎಂಬಿ ಮೆಮೊರಿ ಮುಗಿಯುವವರೆಗೂ ಓಡಿ ಫೇಟಲ್ ಎರರ್‌ನಲ್ಲಿ ಸಾಯುತ್ತದೆ, ಟ್ರೈ-ಕ್ಯಾಚ್‌ಗೆ ಸಿಗುವುದಿಲ್ಲ. ಪರ್ಲ್ ವಾರ್ನಿಂಗ್ಸ್ ಆನ್ ಇದ್ದರೆ 100ಕ್ಕೇ ಎಚ್ಚರಿಸುತ್ತದೆ, ನಿಲ್ಲಿಸುವುದಿಲ್ಲ. ಲುವಾದಲ್ಲಿ ಟೇಲ್ ಕಾಲ್ (ಫಂಕ್ಷನ್‌ನ ಕೊನೆಯ ಕೆಲಸವೇ ಆ ಕರೆ) ಆಗಿದ್ದರೆ ಎರರೇ ಬರುವುದಿಲ್ಲ, ಸಿಪಿಯು ಸುಮ್ಮನೆ ಸುತ್ತುತ್ತಿರುತ್ತದೆ.